ಬಾಗಿಲ ಹಿಂದಿನ ಕೆಮ್ಮು

ಸುಮ್ಮನೆ ಕೂರುವುದೂ ಒಂದು ವಿದ್ಯೆ ಎಂದು ಹಿರಿಯರು ಹೇಳಿದಾಗಲೆಲ್ಲ, ಬೇರೆ ವಿದ್ಯೆ ಹತ್ತದವರು ಕಟ್ಟಿದ ಮಾತು ಎಂದು ನಕ್ಕವನು ನಾನು. ನನ್ನ ಬಾಯಿ ಧರ್ಮಛತ್ರವಿದ್ದ ಹಾಗೆ; ಊರವರ ದನಿಗಳೆಲ್ಲ ಅಲ್ಲಿ ಬಿಡಾರ ಹೂಡಿದ್ದವು. ನಿಜಾಮರ ಆಳ್ವಿಕೆ ಹೋದ ಹೊಸತರಲ್ಲಿ, ದಿನಾ ಬಸ್ಸು ಹಿಡಿದು ಹೋಗಿ ಲಿಂಗಸುಗೂರಿನ ಒಂದು ಕಚೇರಿಯಲ್ಲಿ ಗುಮಾಸ್ತಿಕೆ ಮಾಡುತ್ತಿದ್ದೆ. ಅಷ್ಟು ವರ್ಷ ಉರ್ದುವಿನಲ್ಲಿ ಬೈದ ನಮ್ಮ ಮೇಲಧಿಕಾರಿ ಪೇಷ್ಕಾರರು ಕನ್ನಡದಲ್ಲಿ ಬೈಯಲು ತಡವರಿಸುವುದನ್ನು ಅವರ ಬೆನ್ನ ಹಿಂದೆಯೇ ಆಡಿ ತೋರಿಸುತ್ತಿದ್ದೆ. ನನ್ನ ಕನ್ನಡವೂ ಅಷ್ಟಕ್ಕಷ್ಟೆ ಎಂಬುದು ಬೇರೆ ಮಾತು.

ಮಸ್ಕಿಯ ನಮ್ಮ ಮನೆಯಲ್ಲಿ ಒಂದು ಕಟ್ಟುನಿಟ್ಟಿತ್ತು. ಬೆಳಿಗ್ಗೆ ಅಜ್ಜಿ ಅಂಗೈಯಲ್ಲಿ ಲಿಂಗವಿಟ್ಟು ಕಣ್ಣು ಮುಚ್ಚಿದಳೆಂದರೆ, ಪೂಜೆ ಮುಗಿಯುವವರೆಗೆ ಯಾರೂ ತುಟಿ ಬಿಚ್ಚುವಂತಿಲ್ಲ. ಅಜ್ಜ ಇದ್ದಾಗ ಬಾಗಿಲ ಹಿಂದೆ ನಿಂತು ಒಮ್ಮೆ ಕೆಮ್ಮುತ್ತಿದ್ದ. ಅಜ್ಜಿ ಕಣ್ಣು ತೆರೆಯದೆ ವಿಭೂತಿ ಗಟ್ಟಿಯನ್ನು ಹೊಸ್ತಿಲ ಕಡೆ ಸರಿಸುತ್ತಿದ್ದಳು. ಅಜ್ಜ ಲಿಂಗೈಕ್ಯನಾಗಿ ವರ್ಷವಾಗಿತ್ತು. ಒಂದು ಬೆಳಿಗ್ಗೆ ಅದೇ ಬಾಗಿಲ ಹಿಂದೆ ನಿಂತಿದ್ದ ನನಗೆ ಗಂಟಲು ತುರಿಸಿತು. ಅಜ್ಜನ ಕೆಮ್ಮನ್ನು ಕೆಮ್ಮಿಬಿಟ್ಟೆ. ವಿಭೂತಿ ಗಟ್ಟಿ ಹೊಸ್ತಿಲಿಗೆ ಬಂತು.

ನಗು ಬರಲಿಲ್ಲ. ಅವತ್ತು ಕಚೇರಿಯಲ್ಲಿ ಪೇಷ್ಕಾರರ ದನಿ ತೆಗೆಯಲು ಹೋದರೆ ಬರೀ ಗಾಳಿ ಬಂತು. ಗಂಡ ಮರಳಿ ಬಂದನೆಂದು ಅಜ್ಜಿ ನಂಬಿದ್ದರೆ, ನಿಜ ಹೇಳಿ ಅವನನ್ನು ಎರಡನೆಯ ಸಲ ಕಳಿಸಿಕೊಡಬೇಕಾದವನು ನಾನೇ. ಹೇಳದಿದ್ದರೆ ಅವಳಿರುವಷ್ಟು ದಿನ ಕೆಮ್ಮುತ್ತಿರಬೇಕು.

ಮರುದಿನ ತಪ್ಪು ಒಪ್ಪಿಕೊಳ್ಳಲು ಹೋದೆ. ಪೂಜೆ ನಡೆದಿತ್ತು, ಎದುರಿಗೆ ಕುಳಿತು ಕಾದೆ. ಅಷ್ಟು ಹೊತ್ತು ಬಾಯಿ ಮುಚ್ಚಿದ್ದು ಹುಟ್ಟಿದ ಮೇಲೆ ಅದೇ ಮೊದಲು. ಒಳಗಿನ ಗದ್ದಲ ಮೊದಲು ಹೆಚ್ಚಿತು. ಆಮೇಲೆ ಪೇಷ್ಕಾರರು ಎದ್ದು ಹೋದರು, ಸಿಂಧನೂರು ಬಸ್ಸಿನ ಕಂಡಕ್ಟರ್ ಇಳಿದು ಹೋದ, ಶಾಲೆಯ ಮಾಸ್ತರರು ಹೋದರು. ಕೊನೆಗೆ ಒಬ್ಬ ಉಳಿದ. ಅವನ ದನಿಯನ್ನು ಎಂದೂ ಕೇಳಿರಲಿಲ್ಲ; ನಾನೇ ಇರಬೇಕೆಂದು ಅಂದಾಜು ಮಾಡಿದೆ. ಅವನ ಜೊತೆ ಕೂತಿರುವುದು ಹಿತವೆನಿಸಿತು. ಅಷ್ಟರಲ್ಲಿ ಅಜ್ಜಿಯ ಕೈ ವಿಭೂತಿ ಗಟ್ಟಿಯನ್ನು ಹೊಸ್ತಿಲ ಕಡೆ ಸರಿಸಿತು. ನನ್ನ ತುಟಿ ಬಿಗಿದೇ ಇತ್ತು. ಮನೆಯಲ್ಲಿ ನಮ್ಮಿಬ್ಬರನ್ನು ಬಿಟ್ಟರೆ ಯಾರೂ ಇರಲಿಲ್ಲ.

ಪೂಜೆ ಮುಗಿದ ಮೇಲೆ ಹೇಳಿದೆ: “ನಿನ್ನಿ ಕೆಮ್ಮಿದವ ನಾನ ಬೇ, ಅಜ್ಜೀ.”

“ಗೊತ್ತೈತಿ,” ಎಂದಳು. “ಅವ್ರು ಕೆಮ್ಮಿದ ಮ್ಯಾಲ ಬಾಯಾಗ ಸಣ್ಣಗ ‘ಶಿವಾ’ ಅಂತಿದ್ರು. ನೀ ಅದನ್ನ ಮರ್ತಿದ್ದಿ. ಪಾಪ, ಹುಡುಗ ಇಷ್ಟರ ಕಲ್ತಾನಲ್ಲ ಅಂತ ಸರಿಸಿದೆ.”

“ಮತ್ತ ಇವತ್ಯಾಕ ಸರಿಸಿದಿ?”

“ಇವತ್ತು ‘ಶಿವಾ’ ಅಂದ್ರಲ್ಲ,” ಎಂದು ಅಜ್ಜಿ ಒಲೆಯ ಕಡೆ ಹೋದಳು.

ಅಂದಿನಿಂದ ದಿನಾ ಅವಳೆದುರು ಮೌನವಾಗಿ ಕೂರುತ್ತೇನೆ. ಹುಡುಗನಿಗೆ ಧ್ಯಾನ ಹತ್ತಿತು ಎಂದು ಓಣಿಯೇ ಹೊಗಳುತ್ತದೆ. ಹಿರಿಯರ ಮಾತು ನಿಜವೇ. ಸುಮ್ಮನಿರುವುದರಲ್ಲಿ ಬೇರೆಲ್ಲೂ ಸಿಗದ ಒಂದು ಸುಖವಿದೆ. ಬಾಗಿಲಿಗೆ ಬೆನ್ನು ಮಾಡಿ ಮಾತ್ರ ಕೂರುವುದಿಲ್ಲ. ನೆಗಡಿಯಾದ ದಿನ ಪೂಜೆಯ ಹತ್ತಿರವೂ ಸುಳಿಯುವುದಿಲ್ಲ. ಅಲ್ಲಿ ಕೆಮ್ಮು ಬಂದರೆ, ಕೆಮ್ಮಿದವನು ನಾನೇ ಎಂಬ ಖಾತ್ರಿ ನನಗೇ ಇರುವುದಿಲ್ಲ.