ಗವಿಪುರದಿಂದ ಕೈರೋಗೆ ಒಂದು ಫೋನ್

ಈಜಿಪ್ಟನ್ನು ಆಳುವವರಿಗೆ ಗೊತ್ತಿಲ್ಲದ ಗುಟ್ಟೊಂದು ಹೇಳಲಾ? ಅವರ ಮೇಲೆ ಗವಿಪುರದಲ್ಲಿ ಸದಾ ಒಂದು ಕಣ್ಣಿದೆ. ನನ್ನ ಸೋದರತ್ತೆಯ ಕಣ್ಣು. ಪೊರೆ ತೆಗೆಸಿದ ಮೇಲಂತೂ ಇನ್ನೂ ಚುರುಕು! ನಮ್ಮ ವಾರ್ಡಿಗೆ ಕಾರ್ಪೊರೇಟರ್ ಯಾರಾಗಿದ್ದರು ಅಂದರೆ ತಲೆ ಕೆರೆದುಕೊಳ್ಳುವ ಅತ್ತೆ, ಈಜಿಪ್ಟಿನ ಸೈನ್ಯ ಏನು ಮಾಡಬೇಕಿತ್ತು, ಏನು ಮಾಡಿಬಿಟ್ಟಿತು ಅಂತ ನಿಮ್ಮ ಕಾಫಿ ಆರುವವರೆಗೂ ಹೇಳಬಲ್ಲರು.

ಇದೆಲ್ಲ ಶುರುವಾಗಿದ್ದು ಒಂದು ಪ್ಯಾಕೇಜ್ ಟೂರಿನಿಂದ. ಬಳೇಪೇಟೆಯ ಬಳೆ ಅಂಗಡಿಯನ್ನು ಮಗನಿಗೆ ಒಪ್ಪಿಸಿ, ಕಾಶಿ, ಕೇದಾರ, ಶ್ರೀಶೈಲ ಎಲ್ಲ ಮುಗಿಸಿದ ಅತ್ತೆಗೆ ಇನ್ನು ಪಿರಮಿಡ್ಡೊಂದು ಬಾಕಿ ಅನ್ನಿಸಿತು. ಹೆಸರು ಕೊಟ್ಟರು. ಚಟ್ನಿಪುಡಿ ಕುಟ್ಟಿ ಡಬ್ಬಕ್ಕೆ ತುಂಬಿದ್ದೇ ತಡ, ಅಲ್ಲಿ ಪ್ರವಾಸಿಗರ ಬಸ್ಸಿಗೆ ಉಗ್ರರು ಬಾಂಬಿಟ್ಟರು. ಟೂರ್ ಮುಂದಕ್ಕೆ ಹೋಯಿತು. ಮತ್ತೆ ಹೊರಟಾಗ ಕೊರೋನಾ. ಅದು ಮುಗಿಯಿತು ಅನ್ನುವಷ್ಟರಲ್ಲಿ ಪಕ್ಕದ ಗಾಜಾದಲ್ಲಿ ಯುದ್ಧ. ಜೊತೆಯವರೆಲ್ಲ ಹೆಸರು ತೆಗೆಸಿ ಸಿಂಗಪುರ ನೋಡಿಕೊಂಡು ಬಂದರು. ಅತ್ತೆ ಮಾತ್ರ ಜಪ್ಪಯ್ಯ ಅಂದರೂ ತೆಗೆಸಲಿಲ್ಲ. ಪ್ರತಿಸಲದ ಚಟ್ನಿಪುಡಿಯನ್ನೂ ನಾವೇ ತಿಂದು ಮುಗಿಸಿದೆವು. ಆ ದೇಶದ ಅಶಾಂತಿಯಿಂದ ಲಾಭವಾಗಿದ್ದು ಬಹುಶಃ ನಮ್ಮ ಮನೆಗೊಂದಕ್ಕೇ.

ಟೂರಿನವರು ಕೊಟ್ಟಿದ್ದ ಕೈರೋದ ಗೈಡಿನ ನಂಬರ್ ಅತ್ತೆಯ ಹತ್ತಿರವೇ ಉಳಿಯಿತು. ಅವನು ಇಬ್ಬರು ಹೆಣ್ಣುಮಕ್ಕಳ ತಂದೆ. ಯುದ್ಧ ಶುರುವಾದ ಮೇಲೆ ಗೈಡ್ ಕೆಲಸ ಹೋಗಿ ತಮ್ಮನ ಟ್ಯಾಕ್ಸಿ ಓಡಿಸುತ್ತಿದ್ದ. ಭಾನುವಾರ ಭಾನುವಾರ ಅವನಿಗೆ ವಾಟ್ಸಾಪ್ ಕಾಲ್. ಬಂದೇ ಬರ್ತೀನಿ ಅನ್ನದೆ ಅತ್ತೆ ಫೋನ್ ಇಡುವವರಲ್ಲ. ಇವರದು ಮಹಿಳಾ ಸಮಾಜದ ಇಂಗ್ಲಿಷು, ಅವನದು ಪಿರಮಿಡ್ಡಿನ ಇಂಗ್ಲಿಷು, ಹೇಗೋ ನಡೆಯುತ್ತೆ. ಸರ್ಕಾರ ಹೇಗಿದೆಯಪ್ಪಾ ಅಂದರೆ ಅವನು ಎಲ್ಲ ಚೆನ್ನಾಗಿದೆ ಅಂದು ಬಿಸಿಲಿನ ವಿಷಯ ತೆಗೆಯುತ್ತಾನೆ. ಫೋನಿನಲ್ಲಿ ಬಾಯಿ ಬಿಡಲು ಅಲ್ಲಿಯವರಿಗೆ ಭಯ ಅಂತ ಅತ್ತೆ ಬೇಗ ಕಂಡುಕೊಂಡರು. ಅಂದಿನಿಂದ ರಾಜಕೀಯ ಬಿಟ್ಟು ಈರುಳ್ಳಿ ಬೆಲೆ, ರೊಟ್ಟಿ ಬೆಲೆ ಕೇಳುತ್ತಾರೆ. ಬೆಲೆ ಹೇಳಿ ಅವನು ಎಷ್ಟು ಹೊತ್ತು ಸುಮ್ಮನಿರುತ್ತಾನೋ ಅದರ ಮೇಲೆ ಈಜಿಪ್ಟಿನ ಜನಾಭಿಪ್ರಾಯ ತೀರ್ಮಾನ! ನಮ್ಮ ಟಿವಿಯವರ ಸಮೀಕ್ಷೆಗಿಂತ ಇದೇನು ಕಡೆಯೇ, ನೀವೇ ಹೇಳಿ?

ಇಷ್ಟಕ್ಕೇ ಸುಮ್ಮನಾಗುವವರಲ್ಲ. ಗಾಜಾ ಕಡೆಯ ಗಡಿಬಾಗಿಲನ್ನು ಈಜಿಪ್ಟ್ ತೆಗೆಯಬೇಕೋ ಬೇಡವೋ ಅನ್ನುವುದನ್ನು ಗಂಗಾಧರೇಶ್ವರನ ಗುಡಿಯಲ್ಲಿ ಚರ್ಚೆಗೆ ಹಾಕಿದರು. ಉರಿಯುವ ಮನೆಯಿಂದ ಓಡಿ ಬಂದವರಿಗೆ ಬಾಗಿಲು ಹಾಕಿದರೆ ಪಾಪ ಬರುತ್ತೆ ಅಂತ ಕೆಲವು ಹೆಂಗಸರು. ಒಮ್ಮೆ ಆಚೆ ಬಂದವರನ್ನು ಮತ್ತೆ ಅವರ ಮನೆಗೇ ಸೇರಿಸದಿದ್ದರೆ ಏನು ಗತಿ ಅಂತ ಉಳಿದವರು. ಅತ್ತೆ ಎರಡೂ ಪಕ್ಷದಲ್ಲಿದ್ದರು. ಅಲ್ಲಿಯ ಜನವೂ ಹೀಗೇ ಒದ್ದಾಡ್ತಿದಾರೆ ಅಂತ ನನಗೆ ಸಮಜಾಯಿಷಿ ಬೇರೆ. ಅರ್ಚಕರು ಮಂಗಳಾರತಿ ತಟ್ಟೆ ಹಿಡಿದು ಕಾಯುತ್ತಾ ನಿಂತಿದ್ದರು.

ಕಳೆದ ತಿಂಗಳು ಮಂಡಿನೋವು ಅಂತ ಅತ್ತೆಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಎಕ್ಸ್‌ರೇ ನೋಡಿದ ಅವರು ಮಹಡಿ ಮೆಟ್ಟಿಲೂ ಬೇಡ, ದೂರದ ಪ್ರಯಾಣವಂತೂ ಮರೆತುಬಿಡಿ ಅಂದರು. ವಾಪಸ್ ಬರುವಾಗ ಆಟೋದಲ್ಲೇ ಕೈರೋದಿಂದ ಫೋನ್. ಈಗ ಪರವಾಗಿಲ್ಲ, ಈ ಸಲವಾದರೂ ಬರ್ತೀರಾ ಅಂತ ಗೈಡ್ ಕೇಳುತ್ತಿದ್ದ. ಅತ್ತೆ ಒಂದು ಕೈಲಿ ಮಂಡಿ ಒತ್ತಿಕೊಂಡೇ, ಖಂಡಿತ ಬರ್ತೀನಿ, ನಿನ್ನ ಮಕ್ಕಳಿಗೆ ಬಳೆ ತರ್ತೀನಿ, ಅಳತೆ ಕಳಿಸು ಅಂದರು.

ನನಗೆ ರೇಗಿಹೋಯಿತು. "ಯಾಕತ್ತೆ ಸುಳ್ಳು ಹೇಳ್ತೀರಾ? ಡಾಕ್ಟ್ರು ಈಗ ತಾನೇ ಹೇಳಿದ್ರಲ್ಲ."

"ಹೋದ ವರ್ಷ ಇನ್ನೊಬ್ಬ ಡಾಕ್ಟ್ರೂ ಇದನ್ನೇ ಹೇಳಿದ್ರು ಕಣೋ."

ಅಂದರೆ ಅತ್ತೆಗೆ ಮೊದಲೇ ಗೊತ್ತಿತ್ತು! ಅಷ್ಟೂ ಭಾನುವಾರ ಬರ್ತೀನಿ, ಬರ್ತೀನಿ ಅಂದಿದ್ದು ಗೊತ್ತಿದ್ದೇ. ಅತ್ತೆ ಫೋನನ್ನು ಸೆರಗಿನಲ್ಲಿ ಒರೆಸುತ್ತಾ ತಾವೇ ಹೇಳಿದರು.

"ಬಾಂಬು, ಯುದ್ಧ ಅಂತ ಎಲ್ಲರೂ ಅವನಿಗೆ ಬರಲ್ಲ ಅಂದ್ಬಿಟ್ರು. ನಾನೂ ಅಂದ್ಬಿಟ್ರೆ, ಬರ್ತೀನಿ ಅನ್ನೋರು ಅವನಿಗೆ ಇನ್ಯಾರಿದಾರೆ?"