ನನ್ನದು ಮಾತ್ರ ಕಟಕಟ

ಸಿಟ್ಟಿನಲ್ಲಿ ಏನನ್ನೂ ಬರೆಯಬಾರದು ಎನ್ನುತ್ತಾರೆ. ಆದರೆ ಸಿಟ್ಟು ಇಳಿಯುವ ಹೊತ್ತಿಗೆ ಹಾಲು ಉಕ್ಕುತ್ತದೆ, ಇಲ್ಲವೇ ನಲ್ಲಿಗೆ ನೀರು ಬರುತ್ತದೆ. ಹಾಗಾಗಿ ಬಿಸಿ ಇದ್ದಾಗಲೇ ಬರೆಯಲು ಕೂತಿದ್ದೇನೆ. ದಿನಕ್ಕೆ ಎರಡು ಹೊತ್ತು ಲಿಂಗಪೂಜೆ ಮಾಡಿಕೊಳ್ಳುವ ಹೆಂಗಸಿಗೆ ಇಷ್ಟು ಸಿಟ್ಟು ಶೋಭೆಯಲ್ಲ ಎಂದು ನನಗೂ ಗೊತ್ತು. ಶಿವನಿಗೆ ಅದನ್ನು ಬೆಳಿಗ್ಗೆಯೇ ಹೇಳಿ ಕ್ಷಮೆ ಕೇಳಿದ್ದೇನೆ. ನಾಳೆಯದಕ್ಕೂ ಸೇರಿಸಿ ಕೇಳಿದ್ದೇನೆ.

ಇಚಲಕರಂಜಿ ಪಕ್ಕದ ನಮ್ಮ ಕಬನೂರಿನ ಮನೆಯಲ್ಲಿ ಬೇಸರದ ಶಬ್ದಗಳಿಗೆ ಬರವಿಲ್ಲ. ಕನ್ನಡದವು ಸಾಲದಿದ್ದರೆ ಮರಾಠಿಯವು ಬಾಗಿಲಲ್ಲೇ ನಿಂತಿರುತ್ತವೆ. ತ್ರಾಸ, ತಾಪ, ಕಾಟ, ವೈತಾಗ, ಕಿರಿಕಿರಿ, ಕಟಕಟ. ಹೊರಗಿನವರಿಗೆ ಎಲ್ಲವೂ ಒಂದೇ ಅನ್ನಿಸಬಹುದು. ಮೂವತ್ತು ವರ್ಷ ಸಂಸಾರ ಮಾಡಿದ ನನಗೆ ಮಾತ್ರ ಯಾವ ಶಬ್ದ ಯಾರ ಪಾಲಿನದು ಎಂದು ಚೆನ್ನಾಗಿ ಗೊತ್ತು. ತ್ರಾಸ ಎಂದರೆ ಹಿರಿಯರದು, ದವಾಖಾನೆಗೆ ಕರೆದುಕೊಂಡು ಹೋಗುವಂಥದ್ದು. ವೈತಾಗ ನನ್ನ ಮಗನದು. ಮೊಬೈಲಿನ ಚಾರ್ಜ್ ಇಳಿದರೆ ಅವನಿಗೆ ಬದುಕೇ ವೈತಾಗವಾಗುತ್ತದೆ. ತಾಪ ನಮ್ಮ ಯಜಮಾನರದು. ಮನೆಯ ಗೋಡೆಗೆ ಅಂಟಿಕೊಂಡೇ ಅವರ ನಾಲ್ಕು ಮಗ್ಗಗಳ ಶೆಡ್ ಇದೆ. ನೂಲು ಕಡಿದರೆ ತಾಪ, ಕರೆಂಟ್ ಹೋದರೆ ತಾಪ, ಬಂದು ಹೋಗಿ ಬಂದು ಹೋಗಿ ಮಾಡಿದರೆ ತಲೆಗೇ ತಾಪ. ಆಗ ಮನೆಯಲ್ಲಿ ಯಾರೂ ಜೋರಾಗಿ ಉಸಿರಾಡುವಂತಿಲ್ಲ. ಚಹಾ ತಾನಾಗಿ ಹೋಗಬೇಕು, ಮೆಕ್ಯಾನಿಕ್ ಓಡಿ ಬರಬೇಕು. ಉಳಿದ ಕಿರಿಕಿರಿ, ಕಟಕಟ ಹೆಂಗಸರಿಗೆ. ನಮಗೇನೂ ಆಗಿರುವುದಿಲ್ಲ. ಆಯಿತು ಎಂದು ಹೇಳುತ್ತೇವಲ್ಲ, ಅದೇ ಕಟಕಟ.

ಈ ಸಲದ ನನ್ನ ಕಟಕಟ ನಮ್ಮ ಫ್ರಿಜ್‌ನದು. ಒದ್ದೆ ನೆಲದ ಮೇಲೆ ನಿಂತು ಅದರ ಬಾಗಿಲಿಗೆ ಕೈ ಹಾಕಿದರೆ ಬೆರಳಿನಿಂದ ಮೊಳಕೈ ತನಕ ಜುಮ್ ಎನ್ನುತ್ತಿತ್ತು. ಮೊದಲ ದಿನ ನನ್ನದೇ ನರದ ದೋಷ ಎಂದುಕೊಂಡೆ. ಎರಡನೆಯ ದಿನ, ಮೊಳಕೈಗೆ ಬಂದದ್ದು ಹೆಗಲಿಗೆ ಏರಲಿಲ್ಲವಲ್ಲ, ಶಿವ ದೊಡ್ಡವನು ಎಂದು ಕೈ ಮುಗಿದೆ. ನನ್ನದು ಇಂಥ ಸ್ವಭಾವ. ಬಸ್ ತಪ್ಪಿದರೆ ಚೀಲ ತಪ್ಪಲಿಲ್ಲ ಎಂದು ಸಂತೋಷಪಡುತ್ತೇನೆ. ಒಮ್ಮೆ ಗಡಹಿಂಗ್ಲಜ ಸ್ಟ್ಯಾಂಡಿನಲ್ಲಿ ಚೀಲವೂ ಹೋಯಿತು. ಅದರಲ್ಲಿದ್ದ ಬದನೆಕಾಯಿಗೆ ಹೇಗೂ ಹುಳ ಬಿದ್ದಿತ್ತು ಎಂದು ಸಮಾಧಾನ ಮಾಡಿಕೊಂಡೆ. ಆದರೆ ಮೂರನೆಯ ದಿನ ಕೈಯಲ್ಲಿದ್ದ ಮೊಸರಿನ ಪಾತ್ರೆ ಹಾರಿ ಬಿದ್ದಿತು. ಆಗ ಯಜಮಾನರಿಗೆ ಹೇಳಿದೆ. ಮರುದಿನ ಮತ್ತೆ ಹೇಳಿದೆ. ಒಂದು ತಿಂಗಳು ಹೇಳಿದೆ. ಅವರು ಬಂದು ಫ್ರಿಜ್ ಮುಟ್ಟಿ ನೋಡಿ, ಏನೂ ಇಲ್ಲ ಎಂದರು. ಇರುವುದಾದರೂ ಹೇಗೆ? ಅವರ ಕಾಲಲ್ಲಿ ಶೆಡ್ಡಿನ ದಪ್ಪ ರಬ್ಬರ್ ಚಪ್ಪಲಿ. ಅಡುಗೆಮನೆಯ ಮೂಲೆಯಲ್ಲಿ ದೇವರ ಜಗಲಿ ಇದೆ ಎಂಬುದನ್ನೂ ಮರೆತು ಹಾಗೆಯೇ ಒಳಗೆ ಬಂದಿದ್ದರು. ಚಪ್ಪಲಿಗಾಗಿ ನಾನು ರೇಗಿದೆ. ಅವರು ಹೊರಗೆ ಹೋಗುತ್ತ, "ಒಂದ ಸವನ ಏನ ಕಟಕಟ ಹಚ್ಚೀಯ ಮಾರಾಯ್ತಿ. ನನಗ ಮದ್ಲ ಮಗ್ಗದ ತಾಪ ಸಾಕಾಗೈತಿ" ಎಂದರು.

ಅವತ್ತು ನನ್ನ ತಲೆಯಲ್ಲಿ ಏನೋ ಕಡಿದಂತಾಯಿತು. ನಾನು ಸತ್ತರೂ ಇವರು ಬಂದವರ ಮುಂದೆ, ಕಟಕಟ ಮಾಡುತ್ತ ಹೋದಳು ಎನ್ನುತ್ತಾರೆ ಅನ್ನಿಸಿತು. ಮರುದಿನ ಶ್ರಾವಣ ಸೋಮವಾರ. ಯಜಮಾನರು ಸ್ನಾನಕ್ಕೆ ಹೋದ ಹೊತ್ತು ನೋಡಿ ಅವರದೇ ಫೋನಿನಿಂದ ವಾಯರ್‌ಮನ್ ಬಾಳೂದಾದಾನಿಗೆ ಕರೆ ಮಾಡಿದೆ. ಮಗ್ಗ ಮುಟ್ಟಿದರೆ ಕರೆಂಟ್ ಹೊಡೆಯುತ್ತಿದೆ, ಯಜಮಾನರಿಗೆ ಭಾರೀ ತಾಪ ಆಗಿದೆ ಎಂದು ಹೇಳಿದೆ. ಹೌದು, ಉಪವಾಸದ ದಿನ ಹಣೆಯ ತುಂಬ ವಿಭೂತಿ ಹಚ್ಚಿಕೊಂಡು ಸುಳ್ಳು ಹೇಳಿದೆ. ನಮ್ಮವರು ಮೈ ಒರೆಸಿಕೊಳ್ಳುವ ಮೊದಲೇ ಬಾಳೂದಾದಾ ಅಂಗಳದಲ್ಲಿದ್ದ. ಒಂದು ತಿಂಗಳ ಕಟಕಟಕ್ಕೆ ಯಾರೂ ಕರೆಸದವನು ಒಂದು ತಾಪಕ್ಕೆ ಹತ್ತು ನಿಮಿಷದಲ್ಲಿ ಬಂದಿದ್ದ.

ಶೆಡ್ಡಿನ ಕಡೆ ತಿರುಗಿದವನನ್ನು ತಡೆದು ಅಡುಗೆಮನೆಗೆ ಕರೆತಂದೆ. ಯಜಮಾನರು ಟವೆಲ್ ಸುತ್ತಿಕೊಂಡು ಹಿಂದೆಯೇ ಬಂದರು, ಏನು ನಡೆದಿದೆ ಎಂದು ತಿಳಿಯದೆ. ಬಾಳೂದಾದಾ ಟೆಸ್ಟರ್ ತೆಗೆದು ಫ್ರಿಜ್‌ನ ಬಾಗಿಲಿಗೆ ಹಿಡಿದ. ಅದರೊಳಗಿನ ದೀಪ ನಿಚ್ಚಳವಾಗಿ ಹೊತ್ತಿತು. ಅವನು ನನ್ನ ಕಾಲು ನೋಡಿದ, ನೆಲದ ಮೇಲಿನ ನೀರು ನೋಡಿದ.

"ವೈನಿ, ಇದನ್ನ ದಿನಾ ಬರಿಗಾಲಾಗ ನಿಂತ ಮುಟ್ಟಾಕತ್ತೀರಿ? ಮಗ್ಗಕ್ಕ ಹಿಂಗ ಇದ್ದಿದ್ರ ಅವತ್ತ ಶೆಡ್ ಬಂದ್ ಮಾಡಸ್ತಿದ್ದೆ ನಾ."

ಯಜಮಾನರ ಮುಖ ಸುಣ್ಣದಂತಾಯಿತು. ಮೂವತ್ತು ವರ್ಷಗಳಲ್ಲಿ ಇಷ್ಟು ರುಚಿಯಾದದ್ದನ್ನು ನಾನು ಉಂಡಿರಲಿಲ್ಲ, ಅದೂ ಉಪವಾಸದ ದಿನ. ಆ ರುಚಿ ನಾಲಿಗೆಯ ಮೇಲೆ ಇರುವಾಗಲೇ ಬಾಳೂದಾದಾ, ಯಾವಾಗಿನಿಂದ ಹೀಗಿದೆ ಎಂದು ಕೇಳಿದ. ಒಂದು ತಿಂಗಳಾಯಿತು ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ.

"ತಿಂಗಳಲ್ಲರಿ, ನಾಕ ತಿಂಗಳಾತು" ಎಂದಳು ಸೊಸೆ ಸವಿತಾ. ನೇಸರಿಯಿಂದ ಮದುವೆಯಾಗಿ ಬಂದು ಅವಳಿಗೆ ಆದದ್ದೇ ನಾಲ್ಕು ತಿಂಗಳು. ಹಿಟ್ಟು ನಾದುತ್ತಿದ್ದವಳು ತಲೆ ಎತ್ತಲಿಲ್ಲ. "ನಾ ಬಂದ ವಾರದಾಗ ಹೇಳಿದ್ನಿರಿ, ಕೈ ಜುಮ್ ಅಂತೈತಿ ಅಂತ. ಅತ್ತಿ, ನೀವ 'ಹೊಸದಾಗಿ ಬಂದ ಏನ ಕಿರಿಕಿರಿ ತಗದಿ' ಅಂದ್ರಿ. ಆಮ್ಯಾಲ ನಾ ರಬ್ಬರ್ ಚಪ್ಪಲಿ ಹಾಕ್ಕೊಂಡ ಒಳಗ ಬರಾಕತ್ನಿ. ಜಗಲಿ ಐತಿ, ಮೈಲಿಗಿ ಆಕ್ಕೈತಿ ಅಂತ ಹೇಳಿ ಅದನ್ನೂ ಬಿಡಿಸಿದ್ರಿ."

ಟೆಸ್ಟರ್ ಇನ್ನೂ ಹೊತ್ತಿಯೇ ಇತ್ತು. ಆ ಹುಡುಗಿಯನ್ನು ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಲ್ಲಿಸಿದ್ದು ಯಜಮಾನರಲ್ಲ. ಇಂಥ ಹೊತ್ತಿನಲ್ಲೂ ನನ್ನ ಮನಸ್ಸು ಅಭ್ಯಾಸದಂತೆ ಒಂದು ಸಣ್ಣ ಸಮಾಧಾನ ಹುಡುಕಿತು. ಈ ಸಲ ಸಿಗಲಿಲ್ಲ. ಯಜಮಾನರು ನನ್ನನ್ನೇ ನೋಡುತ್ತಿದ್ದರು. ಏನಾದರೂ ಅಂದಿದ್ದರೆ ಜಗಳವಾಡಬಹುದಿತ್ತು. ಅನ್ನಲಿಲ್ಲ, ಅದಕ್ಕೇ ಇಷ್ಟು ಸಿಟ್ಟು.

ಅರ್ಥಿಂಗ್ ತಂತಿ ಎಳೆಯಲು ಇನ್ನೂ ಎರಡು ದಿನ ಬೇಕಂತೆ. ಅಲ್ಲಿಯ ತನಕ ಚಪ್ಪಲಿ ಇಲ್ಲದೆ ಒಳಗೆ ಕಾಲಿಡಬಾರದು ಎಂದು ಹೇಳಿ ಬಾಳೂದಾದಾ ಹೋದ. ಸಂಜೆ ನಾನೇ ಇಚಲಕರಂಜಿ ಪೇಟೆಗೆ ಹೋಗಿ ಎರಡು ಜೋಡಿ ರಬ್ಬರ್ ಚಪ್ಪಲಿ ತಂದೆ. ತೊಳೆದು, ಒರೆಸಿ, ಜಗಲಿಯತ್ತ ತಿರುಗಿ ತಪ್ಪೊಪ್ಪಿಕೊಂಡು, ಒಂದು ಜೋಡಿಯನ್ನು ಸವಿತಾಳ ಕಾಲ ಹತ್ತಿರ ಇಟ್ಟೆ. ಅವಳು ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದಳು.

"ಅತ್ತಿ, ಹೆಬ್ಬಟ್ಟಿಗೆ ಚೂರು ಒತ್ತತೈತ್ರಿ."

ಬಾಯಿಗೆ ಬಂದ ಶಬ್ದವನ್ನು ನುಂಗಿಕೊಂಡೆ ಎಂದು ಬರೆಯಬೇಕೆಂದೇ ಈ ಕಾಗದ ಹಿಡಿದು ಕೂತಿದ್ದೆ. ಆದರೆ ಈ ವಾರ ಒಂದು ಸುಳ್ಳು ಆಗಲೇ ಆಗಿಹೋಗಿದೆ. 'ಕಿ' ಎಂಬ ಮೊದಲ ಅಕ್ಷರ ಹೊರಬಿದ್ದಿತ್ತು. ಉಳಿದದ್ದನ್ನು ಹಿಡಿದುಕೊಂಡು, ಚಪ್ಪಲಿ ಬದಲಿಸಿಕೊಂಡು ಬರಲು ಚೀಲ ತೆಗೆದುಕೊಂಡೆ.