ಟಕ್ ಅನ್ನದ ರಿಲೇ

ಚಾಮರಾಜಪೇಟೆಯಲ್ಲಿ ನನ್ನದು ಎಲೆಕ್ಟ್ರಾನಿಕ್ಸ್ ರಿಪೇರಿ ಅಂಗಡಿ. ಬ್ಯಾಟರಿಯಿಂದ ನಡೆಯೋ ಲೈಟು, ಫ್ಯಾನುಗಳಿಗೆ ರಿಲೇ ಹಾಕಿಕೊಡ್ತೀನಿ. ರಿಲೇ ಅಂದರೆ ಕೈಯ ಬದಲು ಕರೆಂಟೇ ಒತ್ತುವ ಸ್ವಿಚ್ಚು. ಹಳೇದು ಟಕ್ ಅಂತಿತ್ತು. ಈಗಿನ ಸಾಲಿಡ್ ಸ್ಟೇಟ್ ರಿಲೇ ಒಳಗೆ ಅಲುಗಾಡುವಂಥದ್ದು ಏನೂ ಇಲ್ಲ, ಸದ್ದೂ ಇಲ್ಲ. ಸದ್ದಿಲ್ಲದೆ ಕೆಲಸ ಮಾಡೋರನ್ನ ಯಾರು ನಂಬ್ತಾರೆ? ಹಾಗಾಗಿ ನನಗೆ ದಿನಾ ಇದೇ ಪಾಡು.

ಮೂಕ

ಎನ್.ಆರ್. ಕಾಲೋನಿಯ ಯಜಮಾನರೊಬ್ಬರ ದೇವರಮನೆ ದೀಪಕ್ಕೆ ಹೊಸ ರಿಲೇ ಹಾಕಿದೆ. ದೀಪ ಹತ್ತಿತು, ಆರಿತು. ಅವರು ಮಾತ್ರ ಡಬ್ಬಿಗೆ ಕಿವಿಯಿಟ್ಟೇ ನಿಂತಿದ್ದರು.

"ಏನ್ರೀ, ಖಾಲಿ ಡಬ್ಬಿ ಹಾಕಿದೀರಾ?"

"ಇಲ್ಲ ಸಾರ್, ಇದು ಸದ್ದು ಮಾಡಲ್ಲ."

"ಸದ್ದಿಲ್ಲ ಅಂದ್ರೆ ಒಳಗೆ ಸರಕೂ ಇಲ್ಲ."

ವಾರವಿಡೀ ಫೋನ್ ಮಾಡಿದರು. ಕೊನೆಗೆ ಪಕ್ಕದಲ್ಲೇ ಒಂದು ಹಳೇ ರಿಲೇ ಕೂರಿಸಿ, ಸ್ವಿಚ್ ಹಾಕಿದಾಗ ಸುಮ್ಮನೆ ಟಕ್ ಅನ್ನೋ ಹಾಗೆ ಮಾಡಿದೆ. ದೀಪಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ಯಜಮಾನರ ಮುಖ ಅರಳಿತು. "ಇದು ನೋಡಿ ರಿಲೇ! ಇನ್ನು ಆ ಮೂಕನ್ನ ಬಿಚ್ಕೊಂಡು ಹೋಗಿ."

ರಿಮೋಟು

ಬಸವನಗುಡಿಯ ಕುರುಕಲು ತಿಂಡಿ ಅಂಗಡಿಯವರು ಬ್ಯಾಟರಿ ಫ್ಯಾನಿಗೆ ತಾವೇ ರಿಲೇ ತಂದು ಹಾಕಿಸಿಕೊಂಡಿದ್ದರು. ಒಮ್ಮೆ ಹಾಕಿದರೆ ಫ್ಯಾನ್ ನಿಲ್ಲೋದೇ ಇಲ್ಲ. ಅವರ ಅನುಮಾನವೆಲ್ಲ ಪಕ್ಕದ ಅಂಗಡಿಯವನ ಮೇಲೆ. "ರಿಮೋಟ್ ಇಟ್ಕೊಂಡು ಆಟ ಆಡಿಸ್ತಿದಾನೆ!"

ರಿಲೇ ನೋಡಿದೆ. "ಸಾರ್, ಇದು ಎಸಿಗೆ, ಅಂದ್ರೆ ಮನೆ ಲೈನ್ ಕರೆಂಟಿಗೆ ಮಾಡಿರೋದು. ನಿಮ್ಮ ಬ್ಯಾಟರೀದು ಡಿಸಿ."

"ಡಿಸಿ ಅಂತ ಅಲ್ಲೇ ಬರ್ದಿದೆಯಲ್ರೀ?"

"ಅದು ರಿಲೇನ ಆನ್ ಮಾಡೋಕೆ ಕೊಡೋ ಕರೆಂಟು. ಫ್ಯಾನ್ ಕಡೆ ಎಸಿ ಅಂತಿದೆ, ನೋಡಿ. ಎಸಿ ಕರೆಂಟು ಆಗಾಗ ಸೊನ್ನೆಗೆ ಬರುತ್ತೆ, ಇದು ಆಫ್ ಆಗೋದು ಆಗಲೇ. ಬ್ಯಾಟರಿ ಕರೆಂಟು ಸೊನ್ನೆಗೆ ಬರೋದೇ ಇಲ್ಲ. ಇದು ಕಾಯ್ತಾನೇ ಕೂತಿರುತ್ತೆ."

ಡಿಸಿಗೇ ಮಾಡಿದ ರಿಲೇ ಹಾಕಿ ಸ್ವಿಚ್ ಆರಿಸಿದೆ. ಫ್ಯಾನ್ ನಿಂತಿತು. ಅವರು ಪಕ್ಕದಂಗಡಿಯತ್ತ ಕತ್ತು ಚಾಚಿ ಪಿಸುಗುಟ್ಟಿದರು: "ನೀವು ಬಂದಿದ್ದು ನೋಡಿ ರಿಮೋಟ್ ಬಚ್ಚಿಟ್ಟ!"

ಲೀಕು

ಮಲ್ಲೇಶ್ವರದ ಒಂದು ಮನೆ. ಮಹಡಿ ಮೇಲೆ ಬಾಡಿಗೆಯವರು, ಕೆಳಗೆ ಓನರ್ ಅಮ್ಮ. ಓನರ್ ಅಮ್ಮನ ಬ್ಯಾಟರಿಯಿಂದ ಉರಿಯೋ ಮಹಡಿ ಬಾಲ್ಕನಿಯ ಎಲ್‌ಇಡಿ ಪಟ್ಟಿಗೆ ನಾನೇ ರಿಲೇ ಹಾಕಿದ್ದೆ. ಅದು ಆರಿಸಿದ ಮೇಲೂ ಮಿಣಮಿಣ ಅಂತಿತ್ತು. ಓನರ್ ಅಮ್ಮ ಕ್ಯಾಮೆರಾ ಇಟ್ಟಿದಾರೆ ಅಂತ ಬಾಡಿಗೆಯಾಕೆಗೆ ಅನುಮಾನ. ಈಕೆ ಬೇಕಂತಲೇ ಲೈಟ್ ಉರಿಸಿ ಬ್ಯಾಟರಿ ಖಾಲಿ ಮಾಡ್ತಿದಾಳೆ ಅಂತ ಓನರ್ ಅಮ್ಮನಿಗೆ. ಇಬ್ಬರೂ ಮಾತು ಬಿಟ್ಟಿದ್ದರು. ಮನೆ ಖಾಲಿ ಮಾಡೋ ಮಾತೂ ಬಂದಿತ್ತು.

ನಾನು ಫೋನಿನಲ್ಲಿ ಓನರ್ ಅಮ್ಮನಿಗೆ ಹೇಳಿದೆ, "ಏನಿಲ್ಲಮ್ಮ, ಇಂಥ ರಿಲೇಲಿ ಆಫ್ ಆದ ಮೇಲೂ ಚೂರು ಲೀಕ್ ಇರುತ್ತೆ. ಬೆಳಗ್ಗೆ ಬಂದು ನೋಡ್ತೀನಿ."

ಬೆಳಗ್ಗೆ ಹೋದರೆ ಬಾಲ್ಕನಿಯಲ್ಲಿ ಏಣಿ. ಏಣಿ ಮೇಲೆ ಪ್ಲಂಬರ್, ಸೂರು ಬಡೀತಿದಾನೆ. ಲೈಟಿನ ಕೆಳಗೆ ಬಾಡಿಗೆಯಾಕೆ ಬಕೆಟ್ ಇಟ್ಟು ಕಾಯ್ತಿದಾರೆ.

"ಲೀಕ್ ಅಂದ್ರಲ್ಲ, ತಡ ಯಾಕೆ ಅಂತ ಕರೆಸ್ಬಿಟ್ಟೆ," ಅಂದರು ಓನರ್ ಅಮ್ಮ.

ಸೋರೋದು ನೀರಲ್ಲ, ಕರೆಂಟು ಅಂತ ಹೇಳಿ, ಆ ಸೋರಿಕೆಗೆ ಬೇರೆ ದಾರಿ ಕೊಡೋಕೆ ಲೈಟಿನ ಎರಡು ತಂತಿಗಳ ನಡುವೆ ಒಂದು ರೆಸಿಸ್ಟರ್ ಹಾಕಿದೆ. ಮಿಣುಕು ನಿಂತಿತು. ಪ್ಲಂಬರ್ ಇಳಿದ. ಬಾಡಿಗೆಯಾಕೆ ನಕ್ಕರು. ಸದ್ಯ, ಇಬ್ಬರಿಗೂ ರಾಜಿಯಾಯ್ತು ಅಂದುಕೊಂಡೆ.

ಅಷ್ಟರಲ್ಲಿ ಓನರ್ ಅಮ್ಮ ಬಗ್ಗಿ ಬಕೆಟ್ ನೋಡಿದರು. ಒಣ ಒಣ. ಬಾಡಿಗೆಯಾಕೆಯನ್ನು ಮೇಲಿಂದ ಕೆಳಗೆ ಅಳೆದು ಕೇಳಿದರು:

"ಇಷ್ಟು ದಿನ ಸೋರಿದ್ದನ್ನೆಲ್ಲ ಏನು ಮಾಡ್ಕೊಂಡೆ?"